ಬೆಂಕಿಯ ಬಲಕ್ಕೊಂದು ಮಿತಿ

1824ರಲ್ಲಿ ಪ್ಯಾರಿಸ್‌ನಲ್ಲಿ 118 ಪುಟಗಳ ಪುಸ್ತಕವೊಂದು ಪ್ರಕಟವಾಯಿತು. ಬೆಂಕಿಯ ಚಾಲಕಶಕ್ತಿ ಅದರ ವಸ್ತು. ಬರೆದವನು 28 ವರ್ಷದ ಸೇನಾ ಎಂಜಿನಿಯರ್ ಸಾಡಿ ಕಾರ್ನೋ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ 600 ಪ್ರತಿಗಳನ್ನು ಕೇಳಿದವರು ವಿರಳ.

ಉಗಿಯಂತ್ರದಲ್ಲಿ ಇಂಗ್ಲೆಂಡ್ ಆಗ ಬಹಳ ಮುಂದಿತ್ತು. 1769ರಲ್ಲಿ ಜೇಮ್ಸ್ ವಾಟ್ ಪೇಟೆಂಟ್ ಪಡೆದ ಸುಧಾರಣೆಯಿಂದ ಕಲ್ಲಿದ್ದಲಿನ ಖರ್ಚು ಗಣನೀಯವಾಗಿ ತಗ್ಗಿತ್ತು. ಹೀಗೆಯೇ ಸುಧಾರಿಸುತ್ತ ಹೋದರೆ ಕೊನೆಯೆಂಬುದು ಇದೆಯೇ? ಉಗಿಯ ಬದಲು ಗಾಳಿಯನ್ನೋ ಮದ್ಯಸಾರವನ್ನೋ ಬಳಸಿದರೆ ಲಾಭವುಂಟೇ? ಕಾರ್ನೋ ಎತ್ತಿದ ಪ್ರಶ್ನೆಗಳಿವು.

ಉತ್ತರಕ್ಕೆ ಆತ ನೀರಿನ ಬೀಳಿನತ್ತ ನೋಡಿದ. ನೀರು ಮೇಲಿನಿಂದ ಕೆಳಕ್ಕೆ ಬಿದ್ದಾಗಲೇ ಚಕ್ರ ತಿರುಗುತ್ತದೆ. ಹಾಗೆಯೇ ಉಷ್ಣವು ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಇಳಿಯುವಾಗ ಮಾತ್ರ ಯಂತ್ರ ಕೆಲಸ ಮಾಡುತ್ತದೆ. ಕುಲುಮೆ ಎಷ್ಟೇ ಉರಿಯಲಿ, ತಂಪಾದ ನೆಲೆಯೊಂದು ಇರದಿದ್ದರೆ ಫಲವಿಲ್ಲ. ಯಂತ್ರದೊಳಗೆ ಉಗಿ ಇದೆಯೋ ಗಾಳಿ ಇದೆಯೋ ಎಂಬುದು ಮುಖ್ಯವಲ್ಲ. ದಕ್ಷತೆಯ ಗರಿಷ್ಠ ಮಿತಿಯನ್ನು ನಿರ್ಧರಿಸುವುದು ಎರಡು ತುದಿಗಳ ತಾಪಮಾನಗಳೇ.

ನಂತರದವರು ಇದನ್ನು ಲೆಕ್ಕಕ್ಕೆ ಇಳಿಸಿದರು. ಉಗಿಯ ತಾಪ 540 ಡಿಗ್ರಿ, ತಂಪು ತುದಿಯದು 30 ಡಿಗ್ರಿ ಸೆಲ್ಸಿಯಸ್ ಎನ್ನೋಣ. ಪರಿಪೂರ್ಣ ಯಂತ್ರವೂ 100 ಪಾಲು ಉಷ್ಣದಲ್ಲಿ ಸುಮಾರು 63 ಪಾಲನ್ನಷ್ಟೇ ಕೆಲಸವಾಗಿಸಬಲ್ಲದು. ಉಳಿದ 37 ಪಾಲು ಹೊರಹೋಗಲೇಬೇಕು. ಅದು ಕುಶಲಕರ್ಮಿಯ ದೋಷವಲ್ಲ, ನಿಸರ್ಗದ ನಿಯಮ.

ಉಷ್ಣವೆಂದರೆ ನಾಶವಾಗದ ಒಂದು ದ್ರವ ಎಂಬ ಅಂದಿನ ತಪ್ಪು ನಂಬಿಕೆಯನ್ನೇ ಆಧರಿಸಿ ಕಾರ್ನೋ ಈ ಸರಿಯಾದ ತೀರ್ಮಾನಕ್ಕೆ ಬಂದಿದ್ದ. ಬಳಿಕ ಆ ನಂಬಿಕೆಯನ್ನು ತಾನೇ ಕೈಬಿಟ್ಟು, ಉಷ್ಣವೂ ಚಲನೆಯ ಒಂದು ರೂಪ ಎಂದು ಟಿಪ್ಪಣಿಗಳಲ್ಲಿ ಬರೆದುಕೊಂಡ. ಆದರೆ 1832ರಲ್ಲಿ ಕಾಲರಾ ಆತನನ್ನು ಬಲಿ ತೆಗೆದುಕೊಂಡಿತು. ಆಗ ವಯಸ್ಸು 36. ಸೋಂಕಿನ ಭಯದಿಂದ ಆತನ ವಸ್ತುಗಳೊಂದಿಗೆ ಬಹುಪಾಲು ಕಾಗದಪತ್ರಗಳೂ ನಾಶವಾದವು. ಉಳಿದ ಟಿಪ್ಪಣಿಗಳು ಬೆಳಕು ಕಂಡದ್ದು 1878ರಲ್ಲಿ.

ಪುಸ್ತಕವನ್ನು ಮರೆವಿನಿಂದ ಮೇಲೆತ್ತಿದವನು ಎಮಿಲ್ ಕ್ಲಪೇರೋನ್. 1834ರ ಆತನ ಲೇಖನ ಓದಿದ್ದ ವಿಲಿಯಂ ಥಾಮ್ಸನ್, 1845ರಲ್ಲಿ ಪ್ಯಾರಿಸ್‌ನ ಅಂಗಡಿಗಳಲ್ಲಿ ಮೂಲ ಗ್ರಂಥಕ್ಕಾಗಿ ಅಲೆದ; ಸಿಗಲಿಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ಆತ, ಕಾರ್ನೋನ ತತ್ವದ ಮೇಲೆಯೇ 1848ರಲ್ಲಿ ನಿರಪೇಕ್ಷ ತಾಪಮಾನದ ಅಳತೆಯನ್ನು ಸೂಚಿಸಿದ. 1850ರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ ಹಳೆಯ ದ್ರವದ ಕಲ್ಪನೆಯನ್ನು ತೆಗೆದುಹಾಕಿ, ಕಾರ್ನೋನ ತತ್ವವನ್ನು ಉಳಿಸಿಕೊಂಡ.

ಇಂದಿಗೂ ಉಷ್ಣ ವಿದ್ಯುತ್ ಸ್ಥಾವರಗಳ ಶೀತಲ ಗೋಪುರಗಳಿಂದ ಬಿಳಿಯ ಹಬೆ ಏಳುತ್ತದೆ. ಕಾರ್ನೋ ಗುರುತಿಸಿದ ಆ ಅನಿವಾರ್ಯ ತೆರಿಗೆಯನ್ನು ಅವು ಕಟ್ಟುತ್ತಲೇ ಇವೆ.