‘ಗಳಿಗೆ’ – ಒಂದು ಕಾಲವಾಚಕ ಶಬ್ದದ ಚರಿತ್ರೆ

ತುಮಕೂರು ನಗರದ ಸದಾಶಿವನಗರದಲ್ಲಾಗಲಿ, ಗುಬ್ಬಿ ಕುಣಿಗಲ್ಲುಗಳ ಹಳ್ಳಿಗಳಲ್ಲಾಗಲಿ, ಮನೆಗೆ ಬಂದವರಿಗೆ ‘ಒಂದು ಗಳಿಗೆ ಕುಳಿತಿರಿ’ ಎನ್ನುವುದು ರೂಢಿಯ ಮಾತು. ಸ್ವಲ್ಪ ಹೊತ್ತು ಎಂಬುದಷ್ಟೇ ಅದರ ಅರ್ಥ. ಇದೇ ಶಬ್ದವು ಪಂಚಾಂಗದಲ್ಲಿ ಬಂದಾಗ 24 ನಿಮಿಷಗಳ ಖಚಿತವಾದ ಅವಧಿಯನ್ನು ಸೂಚಿಸುತ್ತದೆ. ಈ ಎರಡು ಅರ್ಥಗಳಿಗಿರುವ ಸಂಬಂಧವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಗಳಿಗೆ’ಯು ಸಂಸ್ಕೃತದ ‘ಘಟಿಕಾ’ ಶಬ್ದದ ತದ್ಭವ. ‘ಗುಟಿಕಾ’ ಎಂಬುದು ‘ಗುಳಿಗೆ’ಯಾದಂತೆ ಇಲ್ಲಿಯೂ ಟಕಾರವು ಳಕಾರವಾಗಿದೆ. ಘಟಿಕೆಯೆಂದರೆ ಮೂಲತಃ ಸಣ್ಣ ಗಡಿಗೆ. ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ಕ್ರಮೇಣ ತುಂಬಿ ಮುಳುಗುವುದು. ಒಂದು ಹಗಲಿರುಳಿನಲ್ಲಿ 60 ಸಲ ಮುಳುಗುವಂತಹ ಪಾತ್ರೆಯನ್ನು ಸೂರ್ಯಸಿದ್ಧಾಂತವು ವಿಧಿಸಿದೆ. ಇದೇ ಕನ್ನಡದ ‘ಗಳಿಗೆಬಟ್ಟಲು’. ಹೀಗೆ ಪಾತ್ರೆಯ ಹೆಸರೇ ಕಾಲದ ಹೆಸರಾಯಿತು.

1884ರಲ್ಲಿ ತುಮಕೂರಿಗೆ ರೈಲು ಬಂದಿತು. 1906ರಲ್ಲಿ ಭಾರತೀಯ ಪ್ರಮಾಣ ಸಮಯವು ಜಾರಿಗೆ ಬಂದಿತು. ಗಡಿಯಾರವು ಬಟ್ಟಲನ್ನು ಮೂಲೆಗೊತ್ತಿದ ಕಾರಣದಿಂದಲೇ ಗಳಿಗೆಯ ಅರ್ಥವು ಸಡಿಲವಾಯಿತೆಂದು ಊಹಿಸುವುದು ಸುಲಭ. ಆದರೆ ಇದರ ಸೋದರ ಶಬ್ದಗಳು ಬೇರೊಂದು ಸಂಗತಿಯನ್ನು ತಿಳಿಸುತ್ತವೆ. ಅಮರಕೋಶದ ಲೆಕ್ಕದಲ್ಲಿ 12 ಕ್ಷಣಗಳಿಗೆ ಒಂದು ಮುಹೂರ್ತ, 30 ಮುಹೂರ್ತಗಳಿಗೆ ಒಂದು ಅಹೋರಾತ್ರ. ಅಂದರೆ ಒಂದು ಕ್ಷಣಕ್ಕೆ 4 ನಿಮಿಷಗಳು. ‘ಕ್ಷಣ’ವನ್ನಾಗಲಿ ಅದರ ತದ್ಭವವಾದ ‘ಚಣ’ವನ್ನಾಗಲಿ ಬಳಸುವ ಕನ್ನಡಿಗನು ಈ ಲೆಕ್ಕವನ್ನು ನೆನೆಯುವುದಿಲ್ಲ. ‘ನಿಮಿಷ’ದ ದಾರಿ ಇನ್ನೂ ವಿಚಿತ್ರವಾದುದು. ಮೊದಲು ಕಣ್ಣು ಮಿಟುಕುವಷ್ಟು ಕಾಲವೆಂದಿದ್ದ ಈ ಶಬ್ದಕ್ಕೆ ಗಡಿಯಾರವು 60 ಸೆಕೆಂಡುಗಳ ಅಳತೆಯನ್ನು ಕೊಟ್ಟಿತು. ‘ಒಂದು ನಿಮಿಷ ಇರಿ’ ಎಂಬಲ್ಲಿ ಆಡುಮಾತು ಆ ಅಳತೆಯನ್ನು ಮತ್ತೆ ಕಳಚಿಹಾಕಿದೆ. ಗಡಿಯಾರವು ಕೈಯಲ್ಲಿರುವಾಗಲೇ ಇದು ನಡೆದಿರುವುದರಿಂದ, ಅರ್ಥವು ಸಡಿಲವಾಗುವುದಕ್ಕೆ ಉಪಕರಣದ ನಾಶವು ಅವಶ್ಯಕವಾದ ಕಾರಣವಲ್ಲವೆಂದು ಸ್ಪಷ್ಟವಾಗುತ್ತದೆ. ಕಾಯುವವನಿಗೆ ಬೇಕಾದುದು ಭರವಸೆ, ಎಣಿಕೆಯಲ್ಲ. ಚಿಕ್ಕ ಅಳತೆಯ ಹೆಸರನ್ನು ಹೇಳಿದರೆ ಆ ಭರವಸೆಯು ದೊರೆಯುತ್ತದೆ.

ಆದಕಾರಣ ಸಡಿಲವಾದ ಅರ್ಥವನ್ನು ಅಪಭ್ರಷ್ಟವೆಂದು ತಳ್ಳಿಹಾಕುವುದು ಯುಕ್ತವಲ್ಲ. ‘ಅರೆಗಳಿಗೆಯೂ ಬಿಡುವಿಲ್ಲ’ ಎಂಬಲ್ಲಿ 12 ನಿಮಿಷಗಳನ್ನು ಹುಡುಕುವುದು ವ್ಯರ್ಥ. ‘ಒಳ್ಳೆಯ ಗಳಿಗೆ’ ಎಂಬಲ್ಲಿ ಅವಧಿಗಿಂತಲೂ ಕಾಲದ ಗುಣವೇ ಮುಖ್ಯ. ಆದರೆ ಹಳೆಯ ಜಾತಕ, ಪಂಚಾಂಗಗಳನ್ನು ಪರಿಶೀಲಿಸುವ ವಿದ್ಯಾರ್ಥಿಯು ಎಚ್ಚರದಿಂದಿರಬೇಕು. ‘ಸೂರ್ಯೋದಯಾದಿ 10 ಗಳಿಗೆ’ ಎಂದಿದ್ದರೆ ಸೂರ್ಯೋದಯವಾಗಿ 4 ಗಂಟೆಗಳು ಕಳೆದಿವೆಯೆಂದೇ ಅರ್ಥ. ಅಲ್ಲಿ ಆಡುಮಾತಿನ ಅರ್ಥವನ್ನು ಹಚ್ಚಿದರೆ ಬೆಳಗಿನ ಸಂಗತಿಯೊಂದರ ಕಾಲವೇ ತಪ್ಪುವುದು. ಸಂಖ್ಯೆಯೊಡನೆ, ದಿನದ ಆರಂಭವನ್ನು ಗುರುತಿಸಿ ಬಂದ ಗಳಿಗೆಯನ್ನು ಬಟ್ಟಲಿನ ಗಳಿಗೆಯೆಂದೂ, ‘ಒಂದು’, ‘ಅರೆ’ ಎಂಬ ಮಾತುಗಳೊಡನೆ ಸಂಭಾಷಣೆಯಲ್ಲಿ ಬಂದುದನ್ನು ಮನಸ್ಸಿನ ಗಳಿಗೆಯೆಂದೂ ಸಾಮಾನ್ಯವಾಗಿ ಗ್ರಹಿಸಬಹುದು.