ಶರದೃತುವಿನ ಕಡಲು: ರಂಪಣಿಯೂ ಗಜನಿಯೂ

ಪಂಚಾಂಗದ ವರ್ಷ ಯುಗಾದಿಗೆ ಹುಟ್ಟುತ್ತದೆ. ಆದರೆ ನಮ್ಮ ಪಶ್ಚಿಮ ಕರಾವಳಿಯ ಮೀನುಗಾರನ ವರ್ಷ ಹುಟ್ಟುವುದು ಶ್ರಾವಣದ ನೂಲ ಹುಣ್ಣಿಮೆಯಂದು. ಮಳೆಗಾಲವೆಲ್ಲ ದೋಣಿಗಳು ತೆಂಗಿನ ಗರಿಯ ಚಪ್ಪರದಡಿಯಲ್ಲಿ ಮಲಗಿರುತ್ತಿದ್ದವು. ಮನೆಗಳಲ್ಲಿ ಬಲೆಯ ಹರಕು ಹೊಲಿಯುವ ಕೆಲಸ ನಡೆಯುತ್ತಿತ್ತು. ಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿದ ಮೇಲೆ ಎಲ್ಲರ ಕಣ್ಣೂ ನೀರಿನ ಬಣ್ಣದ ಮೇಲೆ. ಭಾದ್ರಪದದಿಂದ ಕಾರ್ತಿಕದವರೆಗಿನ ಆ ಕೆಲವು ವಾರಗಳು ಊರಿನ ಇಡೀ ವರ್ಷದ ಅನ್ನವನ್ನು ನಿರ್ಧರಿಸುತ್ತಿದ್ದವು.

ಶರತ್ಕಾಲಕ್ಕೇ ಈ ಮಹತ್ವವೇಕೆ? ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಕಡಲಿನ ತಳದ ತಂಪು ನೀರು ಕರಾವಳಿಯುದ್ದಕ್ಕೂ ಮೇಲೇರಿ ಬರುತ್ತದೆ. ಅದರೊಡನೆ ಸಸ್ಯಪೋಷಕ ಲವಣಗಳೂ ಬರುತ್ತವೆ. ಘಟ್ಟದ ಹೊಳೆಗಳೂ ತಮ್ಮ ಪಾಲನ್ನು ತಂದು ಸುರಿಯುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ಅವನ್ನೂ, ಅವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನೂ ಅರಸಿ ತಾರ್ಲೆ ಮತ್ತು ಬಂಗಡೆಗಳ ಹಿಂಡು ದಡದ ಸಮೀಪಕ್ಕೆ ಬರುತ್ತದೆ. ಮಂಗಳೂರಿನ ಕಡೆಯವರು ಬೂತಾಯಿ ಎನ್ನುವುದು ಈ ತಾರ್ಲೆಯನ್ನೇ.

ಹೀಗೆ ತಾನಾಗಿ ಬಾಗಿಲಿಗೆ ಬಂದ ಮೀನನ್ನು ಬರಮಾಡಿಕೊಳ್ಳಲು ಇದ್ದ ಸಾಧನವೇ ರಂಪಣಿ. ಈ ಬಲೆ ಗೋವೆಯ ಕಡೆಯಿಂದ ಕಾರವಾರಕ್ಕೂ, ಅಲ್ಲಿಂದ ತೆಂಕಲಾಗಿ ಉಡುಪಿ ಮಂಗಳೂರುಗಳ ತೀರಕ್ಕೂ ಹರಡಿತೆಂದು ಹೇಳುತ್ತಾರೆ. ಒಂದು ಕಿಲೋಮೀಟರಿಗೂ ಉದ್ದವಾದ ಬಲೆಗಳಿದ್ದವು. ಅಂಥ ಬಲೆ ಒಬ್ಬನ ಆಸ್ತಿಯಾಗುವುದು ಕಷ್ಟ. ಎಷ್ಟೋ ಕಡೆ ಮನೆಗೊಂದು ತುಂಡಿನಂತೆ ತಂದು ಜೋಡಿಸಿ ಒಂದು ರಂಪಣಿಯನ್ನು ಮಾಡುತ್ತಿದ್ದರು. ನೀರು ಕಪ್ಪಾಗಿ ಹೊರಳುವುದನ್ನು ಕಂಡವನು ಕೂಗು ಹಾಕಿದೊಡನೆ ದೋಣಿ ಹೊರಡುತ್ತಿತ್ತು. ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿ ಬಲೆ ಬಿಡುತ್ತ ಮರಳಿ ದಡ ಸೇರುತ್ತಿತ್ತು. ಆಮೇಲೆ ಎರಡು ತುದಿಯ ಹಗ್ಗಗಳಿಗೂ ಹತ್ತಾರು ಜನ ಕೈಹಚ್ಚಿ ಎಳೆಯಬೇಕು.

ಹಿಡಿದ ಮೀನು ಒಂದೇ ದಿನದಲ್ಲಿ ವಿಲೇವಾರಿಯಾಗದಷ್ಟು ದೊರೆತರೆ ಬಲೆಯನ್ನು ಪೂರ್ತಿ ಎಳೆಯದೆ, ಮೀನನ್ನು ನೀರಿನಲ್ಲೇ ಸೆರೆಯಿಟ್ಟು, ಎರಡು ಮೂರು ದಿನ ಬೇಕಾದಷ್ಟೇ ತೆಗೆಯುವ ಜಾಣತನವೂ ಅವರಿಗಿತ್ತು. ಬಂದ ಹಣ ಬಲೆಗೆ, ದೋಣಿಗೆ, ದುಡಿದ ಕೈಗಳಿಗೆ ಎಂದು ಪಾಲಾಗುತ್ತಿತ್ತು. ಎಲ್ಲರ ಪಾಲೂ ಸಮನಾಗಿತ್ತೆಂದು ಭ್ರಮಿಸಬೇಕಾಗಿಲ್ಲ. ಬಲೆಯ ಪಾಲಿಲ್ಲದವನಿಗೆ ದೊರೆಯುತ್ತಿದ್ದುದು ಸ್ವಲ್ಪವೇ. ಆದರೂ ಹಗ್ಗ ಹಿಡಿಯಬಲ್ಲವನು ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ.

ಇದೇ ಶರತ್ಕಾಲದಲ್ಲಿ, ಅಲೆಗಳ ಮೊರೆತದಿಂದ ಸ್ವಲ್ಪ ಒಳಗೆ, ಇನ್ನೊಂದು ಬಗೆಯ ಮೀನುಗಾರಿಕೆ ಮೊದಲಾಗುತ್ತಿತ್ತು. ಶಿರಸಿಯ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆಯ ಇಕ್ಕೆಲದಲ್ಲಿ ಗಜನಿ ಎಂಬ ಜೌಗು ಗದ್ದೆಗಳಿವೆ. ಮಳೆಯ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪು ಸೋಕಿದರೂ, ನೆರೆ ನಿಂತರೂ ಅದು ಬದುಕಬಲ್ಲದು. ಮಳೆ ಹಿಂದೆಗೆದ ಮೇಲೆ ತೆನೆಯನ್ನು ಕೊಯ್ದು, ಕೂಳೆಯನ್ನು ಗದ್ದೆಯಲ್ಲೇ ಬಿಟ್ಟು, ಕಟ್ಟೆಯ ಹಲಗೆ ಬಾಗಿಲು ತೆರೆದರೆ ಭರತದ ನೀರಿನೊಡನೆ ಸಿಗಡಿ, ಏಡಿ, ಮೀನಿನ ಮರಿಗಳು ಒಳಗೆ ಬರುತ್ತವೆ. ಕೊಳೆತ ಕೂಳೆಯೇ ಅವುಗಳ ಮೇವಿಗೆ ಆಧಾರ. ಹುಣ್ಣಿಮೆ ಅಮಾವಾಸ್ಯೆಗಳ ಇಳಿತದಲ್ಲಿ ನೀರು ರಭಸದಿಂದ ಹೊರಹೋಗುವಾಗ ಬಾಗಿಲಿಗೆ ಬಲೆಯೊಡ್ಡಿದರಾಯಿತು. ಒಂದೇ ನೆಲ ಅನ್ನವನ್ನೂ ಕೊಟ್ಟಿತು, ಮೇಲೋಗರವನ್ನೂ ಕೊಟ್ಟಿತು!

ರಂಪಣಿಗೂ ಗಜನಿಗೂ ನಡುವೆ ಒಂದು ಸಾಮ್ಯವುಂಟು. ಎರಡೂ ಕಾಯುವ ವಿದ್ಯೆಗಳು. ಮೀನು ಬರುವವರೆಗೆ ಕಾಯಬೇಕು; ಬಂದಾಗ ಹತ್ತು ಕೈ ಕೂಡಬೇಕು. ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು, ಬಲೆ ಹರಿದರೆ ಎಲ್ಲರ ಮನೆಗೂ ಉಪವಾಸ.

ಈ ಎರಡೂ ವ್ಯವಸ್ಥೆಗಳು ಬದಲಾದದ್ದು ಒಂದೇ ಕಾಲದಲ್ಲಿ. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕಡಲಿಗೆ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಅದು ಮೀನಿಗಾಗಿ ಕಾಯುವುದಿಲ್ಲ. ಹಿಂಡು ದಡಕ್ಕೆ ಬರುವ ಮೊದಲೇ ಹೋಗಿ ಸುತ್ತುವರಿಯುತ್ತದೆ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ತಾರ್ಲೆ ಮೊದಲೂ ಕೈಕೊಟ್ಟದ್ದುಂಟು. 1940ರ ದಶಕದಲ್ಲಿ ಅದು ತೀರದಿಂದ ಬಹುಮಟ್ಟಿಗೆ ಮರೆಯಾಗಿತ್ತು. ಆದರೆ ಆಗ ಮೀನು ಮರಳಿದಾಗ ಬಲೆ ಕಾದಿತ್ತು. ಈ ಸಲ ಕಾಯುವ ಬಲೆಯೇ ಉಳಿಯಲಿಲ್ಲ. ಗಜನಿಯಲ್ಲಿಯೂ 1970ರ ದಶಕದಲ್ಲಿ ಶಾಶ್ವತ ಕಟ್ಟೆಗಳು ಬಂದವು. ಮುಂದೆ ಸಿಗಡಿಯ ಬೆಲೆ ಏರಿದಂತೆ ಎಷ್ಟೋ ಗದ್ದೆಗಳು ವರ್ಷವಿಡೀ ಉಪ್ಪುನೀರಿನ ಕೆರೆಗಳಾದವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಸಿಗಡಿಯನ್ನು ಹೊಡೆದಾಗ ಮರಳಿ ಭತ್ತ ಬಿತ್ತೋಣವೆಂದರೆ ನೆಲ ಮೊದಲಿನಂತಿರಲಿಲ್ಲ.

1986ರಲ್ಲಿ ರಾಜ್ಯವು ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. ಇಂದು ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ಬಿಡುವು. ಹಿಂದೆ ಅಲೆಯೇ ವಿಧಿಸುತ್ತಿದ್ದ ನಿಷೇಧವನ್ನು ಈಗ ಸರಕಾರ ವಿಧಿಸಬೇಕಾಗಿದೆ.

ಮಾಣಿಕಟ್ಟಾದಂಥ ಕೆಲವು ಊರುಗಳ ಗಜನಿಯಲ್ಲಿ ಕಗ್ಗ ಇನ್ನೂ ತೆನೆಗಟ್ಟುತ್ತದೆ. ಅಲ್ಲಲ್ಲಿ ಚಿಕ್ಕ ಕೈರಂಪಣಿಯನ್ನು ಎಳೆಯುವವರೂ ಇದ್ದಾರೆ. ಪೇಟೆಯಲ್ಲಿ ಹೊಸ ಬಂಗಡೆಯನ್ನು ಕೊಳ್ಳುವಾಗ ನಾವು ಅದರ ಬೆಲೆಯನ್ನು ಮಾತ್ರ ಕೇಳುತ್ತೇವೆ. ಒಂದು ಕಾಲಕ್ಕೆ ಅದರ ಹಿಂದೆ ಇಡೀ ಊರೇ ಹಗ್ಗ ಹಿಡಿದು ನಿಂತಿತ್ತೆಂಬುದನ್ನೂ ನೆನೆಯುವುದು ಒಳ್ಳೆಯದು.