ಹ್ಯಾಟ್ ಪಾಯಿಂಟ್: ಹೆಲ್ಸ್ ಕ್ಯಾನ್ಯನ್ ನೆತ್ತಿಗೆ ಕಡಿದಾದ ದಾರಿ

ಅಮೆರಿಕದ ಕಂದರಗಳೆಂದರೆ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಮಾತ್ರ ಬಹುತೇಕರಿಗೆ ನೆನಪಾಗುತ್ತದೆ. ಆದರೆ ಉತ್ತರ ಅಮೆರಿಕ ಖಂಡದ ಅತ್ಯಂತ ಆಳವಾದ ನದಿ ಕಂದರ ಎಂದು ಪರಿಗಣಿಸಲಾಗಿರುವುದು ಒರೆಗಾನ್ ಮತ್ತು ಐಡಾಹೊ ರಾಜ್ಯಗಳ ಗಡಿಯಲ್ಲಿರುವ ಹೆಲ್ಸ್ ಕ್ಯಾನ್ಯನ್. ಇದನ್ನು ಕೊರೆದದ್ದು ಸ್ನೇಕ್ ನದಿ. ಐಡಾಹೊ ದಂಡೆಯ 'ಹಿ ಡೆವಿಲ್' ಶಿಖರದಿಂದ ಅಳೆದರೆ ಇದರ ಆಳ 7,993 ಅಡಿ (ಸುಮಾರು 2,436 ಮೀಟರ್). ಈ ಕಂದರವನ್ನು ಒರೆಗಾನ್ ಬದಿಯಿಂದ ಮೇಲಿನಿಂದ ನೋಡಬಯಸುವವರ ಮುಖ್ಯ ತಾಣ ಹ್ಯಾಟ್ ಪಾಯಿಂಟ್. ಸಮುದ್ರಮಟ್ಟದಿಂದ ಇದರ ಎತ್ತರ 6,982 ಅಡಿ.

ರಸ್ತೆಯ ಸ್ವರೂಪ

ವಲ್ಲೋವಾ ಪರ್ವತಗಳ ತಪ್ಪಲಿನ ಜೋಸೆಫ್ ಪಟ್ಟಣದಿಂದ ಇಮ್ನಾಹಾ ಎಂಬ ಪುಟ್ಟ ಊರಿನವರೆಗೆ ಸುಮಾರು 48 ಕಿ.ಮೀ. ಡಾಂಬರು ರಸ್ತೆಯಿದೆ. ಅಲ್ಲಿಂದ ಮುಂದಿನ ಸುಮಾರು 38 ಕಿ.ಮೀ. ಜಲ್ಲಿ ರಸ್ತೆ. ಇಮ್ನಾಹಾ ಇರುವುದು ಸುಮಾರು 2,000 ಅಡಿ ಎತ್ತರದಲ್ಲಿ. ಅಂದರೆ ಈ ಅಲ್ಪ ದೂರದಲ್ಲಿ ವಾಹನವು ಸುಮಾರು 5,000 ಅಡಿ ಮೇಲೇರಬೇಕು.

ಆರಂಭದ ಕೆಲವು ಕಿಲೋಮೀಟರ್‌ಗಳೇ ಹೆಚ್ಚು ಕಠಿಣ. ಕೆಲವೆಡೆ ಏರು ಶೇ. 16ರಷ್ಟಿದೆ, ನೂರು ಅಡಿ ಮುಂದೆ ಸಾಗಿದರೆ ಹದಿನಾರು ಅಡಿ ಮೇಲೇರಿದಂತೆ. ಬಹುಪಾಲು ಒಂದೇ ವಾಹನ ಸಾಗುವಷ್ಟು ಅಗಲವಿದ್ದು, ಎದುರು ವಾಹನಕ್ಕೆ ದಾರಿ ಬಿಡಲು ಅಲ್ಲಲ್ಲಿ ಮಾತ್ರ ಸ್ಥಳಾವಕಾಶವಿದೆ. ಒಂದು ಬದಿ ಗುಡ್ಡ, ಮತ್ತೊಂದು ಬದಿ ಆಳವಾದ ಇಳಿಜಾರು. ಇಳಿಯುತ್ತಿರುವ ವಾಹನವು ಏರುತ್ತಿರುವ ವಾಹನಕ್ಕೆ ದಾರಿ ಬಿಡುವುದು ಇಂತಹ ರಸ್ತೆಗಳ ರೂಢಿ. ಮರಳುವಾಗ ಬ್ರೇಕನ್ನೇ ನೆಚ್ಚಿಕೊಂಡರೆ ಅದು ಕಾದು ಹಿಡಿತ ಕಳೆದುಕೊಳ್ಳುವ ಅಪಾಯವಿದೆ. ಕೆಳ ಗೇರಿನಲ್ಲಿ ನಿಧಾನವಾಗಿ ಇಳಿಯುವುದೇ ಸುರಕ್ಷಿತ. ಟ್ರೇಲರ್ ಎಳೆದೊಯ್ಯುವ ವಾಹನಗಳಿಗೆ ಈ ದಾರಿ ಸೂಕ್ತವಲ್ಲ.

ನೋಟ

ತುದಿಯಲ್ಲಿ ಕಾಡ್ಗಿಚ್ಚನ್ನು ಗಮನಿಸಲು ನಿರ್ಮಿಸಿದ ಎತ್ತರದ ಕಾವಲು ಗೋಪುರವಿದೆ. ಒಂದು ಮೈಲಿಗೂ ಹೆಚ್ಚು ಕೆಳಗೆ ಸ್ನೇಕ್ ನದಿ ತೆಳುವಾದ ಗೆರೆಯಂತೆ ತೋರುತ್ತದೆ. ಎದುರಿಗೆ ಐಡಾಹೊದ 'ಸೆವೆನ್ ಡೆವಿಲ್ಸ್' ಪರ್ವತಶ್ರೇಣಿ. ಗ್ರ್ಯಾಂಡ್ ಕ್ಯಾನ್ಯನ್‌ನಂತೆ ಇಲ್ಲಿ ನೇರ ಗೋಡೆಗಳಿಲ್ಲ. ಹುಲ್ಲು ಹೊದ್ದ ಇಳಿಜಾರುಗಳು ಮೆಟ್ಟಿಲು ಮೆಟ್ಟಿಲಾಗಿ ನದಿಗೆ ಇಳಿಯುತ್ತವೆ.

ಉಳಿದುಕೊಂಡ ಕಣಿವೆ

ಇಂದು ಕಾಣುವ ಈ ಹರಿಯುವ ನದಿ ಅಣೆಕಟ್ಟಿನ ಹಿನ್ನೀರಾಗಿ ಬದಲಾಗುವ ಸಾಧ್ಯತೆಯೂ ಇತ್ತು. ನದಿಯ ಮೇಲ್ಭಾಗದಲ್ಲಿ ಬ್ರೌನ್ಲಿ, ಆಕ್ಸ್‌ಬೋ ಮತ್ತು ಹೆಲ್ಸ್ ಕ್ಯಾನ್ಯನ್ ಎಂಬ ಮೂರು ಅಣೆಕಟ್ಟುಗಳು 1950 ಮತ್ತು 60ರ ದಶಕಗಳಲ್ಲಿ ನಿರ್ಮಾಣಗೊಂಡವು. ಕೆಳಭಾಗದಲ್ಲಿ 'ಹೈ ಮೌಂಟನ್ ಶೀಪ್' ಎಂಬ ಮತ್ತೊಂದು ಅಣೆಕಟ್ಟಿಗೆ ಪರವಾನಗಿ ನೀಡಲಾಗಿತ್ತು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪರವಾನಗಿಯನ್ನು ಒಪ್ಪಲಿಲ್ಲ. ಅಣೆಕಟ್ಟನ್ನು ಯಾರು ಕಟ್ಟಬೇಕೆಂಬುದಷ್ಟೇ ಅಲ್ಲ, ಅದನ್ನು ಕಟ್ಟಲೇಬೇಕೇ ಎಂಬುದನ್ನೂ ಪರಿಶೀಲಿಸಬೇಕೆಂದು ಸೂಚಿಸಿತು. 1975ರ ಕೊನೆಯಲ್ಲಿ ಜಾರಿಗೆ ಬಂದ ಕಾಯಿದೆಯು ಹೆಲ್ಸ್ ಕ್ಯಾನ್ಯನ್ ರಾಷ್ಟ್ರೀಯ ವಿಹಾರ ಪ್ರದೇಶವನ್ನು ಸ್ಥಾಪಿಸಿ, ಈ ಭಾಗದಲ್ಲಿ ಹೊಸ ಅಣೆಕಟ್ಟುಗಳಿಗೆ ತಡೆ ಹಾಕಿತು.

ಕಣಿವೆಗೆ ನೋವಿನ ಚರಿತ್ರೆಯೂ ಇದೆ. ಇಲ್ಲಿನ ಮೂಲನಿವಾಸಿಗಳು ನೆಜ್ ಪರ್ಸ್ ಜನ. ಸರ್ಕಾರ ನೆಲ ತೊರೆಯುವಂತೆ ಒತ್ತಾಯಿಸಿದಾಗ, 1877ರಲ್ಲಿ ನಾಯಕ ಜೋಸೆಫ್‌ನ ತಂಡ ಉಕ್ಕಿ ಹರಿಯುತ್ತಿದ್ದ ಸ್ನೇಕ್ ನದಿಯನ್ನು ದನಕರು, ಕುದುರೆಗಳೊಡನೆ ದಾಟಬೇಕಾಯಿತು. ಹತ್ತು ವರ್ಷಗಳ ಬಳಿಕ, 1887ರಲ್ಲಿ, ನದಿ ದಂಡೆಯಲ್ಲಿ ಚಿನ್ನ ಅರಸುತ್ತಿದ್ದ ಮೂವತ್ತಕ್ಕೂ ಹೆಚ್ಚು ಚೀನೀ ಕಾರ್ಮಿಕರ ಹತ್ಯೆಯಾಯಿತು. ಆ ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಹೋಗುವವರಿಗೆ ಸೂಚನೆ

ಚಳಿಗಾಲದಲ್ಲಿ ಹಿಮ ಬೀಳುವುದರಿಂದ ರಸ್ತೆ ಬಳಕೆಗೆ ಬಾರದು. ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗಿನ ಅವಧಿ ಪ್ರಯಾಣಕ್ಕೆ ಯೋಗ್ಯ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಸ್ಥಿತಿಯನ್ನೂ ವಿಚಾರಿಸುವುದು ಒಳಿತು. ಹೊರಡುವ ಮುನ್ನ ವಲ್ಲೋವಾ-ವಿಟ್‌ಮನ್ ರಾಷ್ಟ್ರೀಯ ಅರಣ್ಯದ ಕಚೇರಿಯಿಂದ ಮಾಹಿತಿ ಪಡೆಯಬಹುದು. ಜೋಸೆಫ್‌ನಲ್ಲೇ ಇಂಧನ ತುಂಬಿಸಿಕೊಂಡು, ಕುಡಿಯುವ ನೀರು, ಆಹಾರ ಹಾಗೂ ಸುಸ್ಥಿತಿಯಲ್ಲಿರುವ ಹೆಚ್ಚುವರಿ ಚಕ್ರದೊಂದಿಗೆ ಹೊರಡಬೇಕು. ದಾರಿಯಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಇಮ್ನಾಹಾದಿಂದ ಮೇಲೇರಲು ಒಂದೂವರೆಯಿಂದ ಎರಡು ಗಂಟೆ ಬೇಕಾಗುವುದರಿಂದ, ಕತ್ತಲಾಗುವ ಮೊದಲೇ ಇಳಿದು ಬರುವಂತೆ ಯೋಜಿಸಿಕೊಳ್ಳುವುದು ಕ್ಷೇಮ.